ಬೇಟ್‌ಕಾಸ್ಟಿಂಗ್ ರೀಲ್: ಆರಿಸುವುದು, ಹದ ಮಾಡುವುದು, ಸಿಕ್ಕಿಲ್ಲದೆ ಎಸೆಯುವುದು

ಮೀನು ಹಿಡಿಯಲು ಬೇಟ್‌ಕಾಸ್ಟಿಂಗ್ ರೀಲ್ (ರಾಡಿಗೆ, ಅಂದರೆ ಗಾಳದ ಕೋಲಿಗೆ, ಕೂರಿಸಿ ದಾರ ಬಿಡುವ, ಸುತ್ತುವ ಸಾಧನ) ತಗೊಂಡು, ನಾಲ್ಕು ಸಲ ಎಸೆದು, ನಾಲ್ಕು ಸಲವೂ ದಾರ ಸಿಕ್ಕಾಗಿ, ‘ಇದು ನಮ್ಮ ಕೈಗೆ ಹತ್ತುವ ವಸ್ತುವಲ್ಲ’ ಅಂತ ಮೂಲೆಗೆ ಇಟ್ಟವರು ತುಂಬಾ ಜನ ಇದ್ದಾರೆ. ಅವರ ಕೈಯಲ್ಲಿ ದೋಷ ಇಲ್ಲ, ಹೆಚ್ಚಿನ ಸಲ ರೀಲಿನಲ್ಲೂ ಇಲ್ಲ. ದಾರ ಯಾವಾಗ ಸಿಕ್ಕಾಗುತ್ತದೆ, ಯಾಕೆ ಸಿಕ್ಕಾಗುತ್ತದೆ ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ, ಅಷ್ಟೆ. ಅದೊಂದು ತಿಳಿದರೆ ಯಾವ ರೀಲ್ ಕೊಳ್ಳಬೇಕು, ಯಾವ ನಾಬ್ ಎಷ್ಟು ತಿರುಗಿಸಬೇಕು, ಹೆಬ್ಬೆರಳು ಎಲ್ಲಿರಬೇಕು ಅನ್ನುವುದೆಲ್ಲ ಸುಲಭ.

ಇನ್ನೊಂದು ಬಗೆಯ ರೀಲಾದ ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ಸ್ಪೂಲ್, ಅಂದರೆ ದಾರ ಸುತ್ತಿಟ್ಟ ಉರುಳೆ, ಅಲ್ಲಾಡುವುದಿಲ್ಲ. ದಾರ ಅದರ ಅಂಚಿನಿಂದ ಸುರುಳಿ ಸುರುಳಿಯಾಗಿ ಜಾರಿ ಹೋಗುತ್ತದೆ. ಲ್ಯೂರ್, ಅಂದರೆ ದಾರದ ತುದಿಗೆ ಕಟ್ಟುವ ಕೃತಕ ಎರೆ, ಎಷ್ಟು ಎಳೆಯಿತೋ ಅಷ್ಟೇ ದಾರ. ಬೇಟ್‌ಕಾಸ್ಟರ್‌ನಲ್ಲಿ ಸ್ಪೂಲೇ ತಿರುಗಬೇಕು. ಹಾರುವ ಲ್ಯೂರ್ ದಾರ ಎಳೆಯುತ್ತದೆ, ದಾರ ಸ್ಪೂಲನ್ನು ತಿರುಗಿಸುತ್ತದೆ. ಲ್ಯೂರ್‌ಗೆ ಗಾಳಿ ಅಡ್ಡ ಬಂದು ಅದರ ವೇಗ ಇಳಿಯುತ್ತದೆ, ಆದರೆ ಸ್ಪೂಲಿಗೆ ಅದು ಗೊತ್ತಾಗಬೇಕಲ್ಲ, ಅದು ತನ್ನ ಪಾಡಿಗೆ ಮೊದಲಿನ ವೇಗದಲ್ಲೇ ಸುತ್ತುತ್ತಿರುತ್ತದೆ. ಬಾವಿಗೆ ಬಿಟ್ಟ ಕೊಡ ನೀರು ಮುಟ್ಟಿದ ಮೇಲೂ ರಾಟೆ ಗಿರಗಿರ ತಿರುಗಿ ಹಗ್ಗ ಸಡಿಲ ಬೀಳುತ್ತದಲ್ಲ, ಹಾಗೆ. ಹೊರಗೆ ಹೋಗಬೇಕಾದ ದಾರ ಹೋಗದೆ ಸ್ಪೂಲಿನ ಮೇಲೇ ಉಬ್ಬಿ ನಿಂತು, ಒಂದು ಸುತ್ತಿನೊಳಗೆ ಇನ್ನೊಂದು ಸುತ್ತು ಸೇರಿಕೊಳ್ಳುತ್ತದೆ. ಇದನ್ನೇ ಬ್ಯಾಕ್‌ಲ್ಯಾಶ್ ಅನ್ನುವುದು.

ಇದು ಎಲ್ಲೆಂದರಲ್ಲಿ ಆಗುವುದಿಲ್ಲ. ಎರಡೇ ಜಾಗ. ಒಂದು, ಎಸೆದ ಕೂಡಲೇ, ಸ್ಪೂಲ್ ತನ್ನ ಪೂರ್ತಿ ವೇಗಕ್ಕೆ ಏರಿದ ಕ್ಷಣದಲ್ಲಿ. ಇನ್ನೊಂದು, ಲ್ಯೂರ್ ನೀರಿಗೆ ಬಿದ್ದು ಗಕ್ಕನೆ ನಿಂತಾಗ. ಮೊದಲನೆಯದನ್ನು ಬ್ರೇಕ್ ನೋಡಿಕೊಳ್ಳುತ್ತದೆ. ಎರಡನೆಯದನ್ನು ನಿಮ್ಮ ಹೆಬ್ಬೆರಳು ನೋಡಿಕೊಳ್ಳಬೇಕು. ಸಿಕ್ಕಾದಾಗಲೆಲ್ಲ ‘ಇದು ಶುರುವಿನಲ್ಲಿ ಆಯ್ತಾ, ಕೊನೆಯಲ್ಲಿ ಆಯ್ತಾ?’ ಅಂತ ಕೇಳಿಕೊಳ್ಳಿ. ಉತ್ತರ ಸಿಕ್ಕರೆ ಏನು ಸರಿ ಮಾಡಬೇಕು ಅನ್ನುವುದೂ ಸಿಕ್ಕ ಹಾಗೆ.

ಅಂದ ಹಾಗೆ ಈ ಬಗೆಯ ರೀಲ್ ಹೊಸದೇನಲ್ಲ. 19ನೇ ಶತಮಾನದ ಶುರುವಿನಲ್ಲಿ ಅಮೆರಿಕದ ಕೆಂಟಕಿಯಲ್ಲಿ ಜಾರ್ಜ್ ಸ್ನೈಡರ್ ಅನ್ನುವ ಗಡಿಯಾರದ ಕೆಲಸಗಾರ ಹಲ್ಲಿನ ಚಕ್ರ ಕೂಡಿಸಿ ಇಂಥ ರೀಲ್ ಮಾಡಿದ. ಆಗಿನ ರೀಲ್‌ಗಳಿಗೆ ಇವತ್ತಿನ ಹಾಗೆ ಬ್ರೇಕ್ ಇರಲಿಲ್ಲ. ಹೆಬ್ಬೆರಳೇ ಬ್ರೇಕ್. ಈಗಲೂ ಒಳ್ಳೆಯ ಬ್ರೇಕ್ ಅದೇ, ಉಳಿದದ್ದೆಲ್ಲ ಅದಕ್ಕೆ ಸಹಾಯಕ್ಕೆ ಬಂದವು.

ಕೊಳ್ಳುವಾಗ ಏನು ನೋಡಬೇಕು

ಮೊದಲು ಹ್ಯಾಂಡಲ್ ಯಾವ ಕಡೆ ಅಂತ ನೋಡಿ. ಸ್ಪಿನ್ನಿಂಗ್ ರೀಲಿನ ಹ್ಯಾಂಡಲ್ ಬಿಚ್ಚಿ ಆ ಕಡೆ ಈ ಕಡೆ ಹಾಕಿಕೊಳ್ಳಬಹುದು, ಇದರಲ್ಲಿ ಆಗುವುದಿಲ್ಲ. ಎಡದ್ದು ಕೊಂಡರೆ ಎಡವೇ, ಬಲದ್ದು ಕೊಂಡರೆ ಬಲವೇ. ಬಲಗೈಯಲ್ಲಿ ಎಸೆಯುವವರು ಎಡ ಹ್ಯಾಂಡಲ್ ತಗೊಂಡರೆ ಎಸೆದ ಮೇಲೆ ರಾಡ್ ಕೈ ಬದಲಾಯಿಸುವ ಕೆಲಸ ಇಲ್ಲ. ಬಲ ಹ್ಯಾಂಡಲ್ ಆದರೆ ಎಸೆದು, ಲ್ಯೂರ್ ಗಾಳಿಯಲ್ಲಿರುವಾಗಲೇ ರಾಡನ್ನು ಎಡಗೈಗೆ ದಾಟಿಸಿ, ಬಲಗೈಯಲ್ಲಿ ಸುತ್ತಬೇಕು. ಹಳಬರಲ್ಲಿ ತುಂಬಾ ಜನ ಹೀಗೇ ಮಾಡುತ್ತಾರೆ, ಅವರಿಗೆ ಅದೇ ರೂಢಿ. ಸ್ಪಿನ್ನಿಂಗ್ ರೀಲಿನಲ್ಲಿ ಎಡಗೈಯಲ್ಲಿ ಸುತ್ತಿ ಅಭ್ಯಾಸ ಇದ್ದರೆ ಇಲ್ಲೂ ಎಡದ್ದೇ ತಗೊಳ್ಳಿ. ಕಣ್ಣು ಮುಚ್ಚಿ ಕೈ ಆಡಿಸಿದಾಗ ಯಾವ ಕೈ ತಾನಾಗೇ ಸುತ್ತಲು ಹೋಗುತ್ತದೋ ಅದೇ ಸರಿ.

ಆಕಾರದಲ್ಲಿ ಎರಡು ಬಗೆ. ಚಪ್ಪಟೆ ಬೆನ್ನಿನ ಲೋ ಪ್ರೊಫೈಲ್, ಮತ್ತೆ ಡಬ್ಬಿಯ ಹಾಗೆ ದುಂಡಗಿರುವುದು. ದುಂಡನೆಯದರಲ್ಲಿ ದಪ್ಪ ದಾರ ಜಾಸ್ತಿ ಹಿಡಿಯುತ್ತದೆ, ದೊಡ್ಡ ಮೀನಿಗೆ, ಭಾರದ ಲ್ಯೂರ್‌ಗೆ ಅದು ಒಳ್ಳೆಯದು. ಕಲಿಯುವವರಿಗೆ ಲೋ ಪ್ರೊಫೈಲ್ ಸಾಕು. ಅಂಗೈಯೊಳಗೆ ಕೂರುತ್ತದೆ, ಹೆಬ್ಬೆರಳು ಸ್ಪೂಲಿನ ಮೇಲೆ ಸಹಜವಾಗಿ ಬರುತ್ತದೆ. ಅಂಗಡಿಯಲ್ಲಿ ಬರೀ ರೀಲ್ ಹಿಡಿದು ನೋಡಬೇಡಿ, ಒಂದು ರಾಡಿಗೆ ಕೂರಿಸಿ ಹಿಡಿದು ನೋಡಿ. ಹೆಬ್ಬೆರಳನ್ನು ಚಾಚಿ ಎಳೆದರೆ ಮಾತ್ರ ಸ್ಪೂಲ್ ಮುಟ್ಟುತ್ತದೆ ಅನ್ನುವ ಹಾಗಿದ್ದರೆ ಅದು ನಿಮ್ಮದಲ್ಲ.

ಗೇರ್ ರೇಶಿಯೊ ಬಗ್ಗೆ ಜನ ಬೇಕಾದ್ದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. 6.3:1 ಅಂದರೆ ಹ್ಯಾಂಡಲ್ ಒಂದು ಸುತ್ತು ಹಾಕಿದರೆ ಸ್ಪೂಲ್ 6.3 ಸುತ್ತು ಹಾಕುತ್ತದೆ. ಐದರ ಆಸುಪಾಸಿನದು ನಿಧಾನ, ಆದರೆ ಬಲ ಜಾಸ್ತಿ. ನೀರಿನಲ್ಲಿ ಜೋರಾಗಿ ಎಳೆತ ಕೊಡುವ ಆಳಕ್ಕೆ ಮುಳುಗುವ ಕ್ರ್ಯಾಂಕ್‌ಬೇಟ್ ಅನ್ನುವ ಲ್ಯೂರ್‌ಗೆ ಅದು ಸರಿ, ಕೈ ಸೋಲುವುದಿಲ್ಲ. ಎಂಟು ದಾಟಿದ್ದು ಬಲು ಚುರುಕು. ಸಡಿಲ ಬಿದ್ದ ದಾರವನ್ನು ತಕ್ಷಣ ಸುತ್ತಿಕೊಳ್ಳಲು, ಪೊದೆಯೊಳಗಿಂದ ಮೀನನ್ನು ಬೇಗ ಎಳೆದುಕೊಳ್ಳಲು ಅದು ಬೇಕು. ಒಂದೇ ರೀಲ್ ಕೊಳ್ಳುವುದಾದರೆ 6.3 ರಿಂದ 7.5 ರೊಳಗೆ ಯಾವುದಾದರೂ ನಡೆಯುತ್ತದೆ. ಚುರುಕು ರೀಲನ್ನು ನಿಧಾನ ಸುತ್ತಬಹುದು, ನಿಧಾನದ ರೀಲನ್ನು ಚುರುಕು ಸುತ್ತಿದರೆ ಸುಸ್ತಾಗುವುದು ನೀವೇ. ಇನ್ನೊಂದು ಮಾತು: ಒಂದು ಸುತ್ತಿಗೆ ಎಷ್ಟು ದಾರ ಒಳಗೆ ಬರುತ್ತದೆ ಅನ್ನುವುದು ಗೇರ್ ಒಂದರ ಮೇಲೇ ನಿಂತಿಲ್ಲ. ಸ್ಪೂಲ್ ಎಷ್ಟು ದೊಡ್ಡದು, ಅದರಲ್ಲಿ ದಾರ ಎಷ್ಟು ತುಂಬಿದೆ ಅನ್ನುವುದೂ ಸೇರುತ್ತದೆ.

ಬೇರಿಂಗ್ ಎಷ್ಟಿದೆ ಅಂತ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಅದನ್ನು ನೋಡಿ ಮರುಳಾಗಬೇಡಿ. ಹನ್ನೊಂದು ಕಳಪೆ ಬೇರಿಂಗ್‌ಗಿಂತ ಐದು ಒಳ್ಳೆಯ ಬೇರಿಂಗ್ ಮೇಲು. ಹ್ಯಾಂಡಲ್ ಹಿಡಿದು ಅಲುಗಿಸಿ ನೋಡಿ, ಲಟಲಟ ಅಂದರೆ ಬೇಡ. ಸ್ಪೂಲ್ ಬಿಡುಗಡೆ ಮಾಡಿ ಬೆರಳಿನಿಂದ ಒಮ್ಮೆ ತಿರುಗಿಸಿ ಕಿವಿ ಹತ್ತಿರ ಹಿಡಿಯಿರಿ, ಕರಕರ ಸದ್ದು ಬರಬಾರದು.

ಬ್ರೇಕ್‌ನಲ್ಲಿ ಮುಖ್ಯವಾಗಿ ಎರಡು ಬಗೆ, ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಸೆಂಟ್ರಿಫ್ಯೂಗಲ್ ಬ್ರೇಕ್‌ನಲ್ಲಿ ಸ್ಪೂಲಿನ ಪಕ್ಕ ಚಿಕ್ಕ ಚಿಕ್ಕ ಪ್ಲಾಸ್ಟಿಕ್ ತುಂಡುಗಳಿರುತ್ತವೆ. ಸ್ಪೂಲ್ ತಿರುಗಿದಾಗ ಅವು ಹೊರಕ್ಕೆ ಚಿಮ್ಮಿ ಒಂದು ಬಳೆಗೆ ಉಜ್ಜುತ್ತವೆ. ವೇಗ ಎರಡು ಪಟ್ಟಾದರೆ ಅವು ಒತ್ತುವ ಬಲ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಶುರುವಿನಲ್ಲಿ ಬಿಗಿಯಾಗಿ ಹಿಡಿದು, ವೇಗ ಇಳಿದ ಹಾಗೆ ಬೇಗ ಕೈ ಬಿಡುತ್ತವೆ. ಮ್ಯಾಗ್ನೆಟಿಕ್ ಬ್ರೇಕ್‌ನಲ್ಲಿ ಯಾವುದೂ ಯಾವುದಕ್ಕೂ ತಾಗುವುದೇ ಇಲ್ಲ. ಪಕ್ಕದಲ್ಲಿರುವ ಆಯಸ್ಕಾಂತದ ಎದುರು ಅಲ್ಯೂಮಿನಿಯಂ ಸ್ಪೂಲ್ ತಿರುಗಿದಾಗ ಅದರಲ್ಲಿ ಹುಟ್ಟುವ ವಿದ್ಯುತ್ತೇ ಅದನ್ನು ಹಿಂದಕ್ಕೆ ಜಗ್ಗುತ್ತದೆ. ಇದರ ಹಿಡಿತ ಅಷ್ಟು ಬೇಗ ಇಳಿಯುವುದಿಲ್ಲ, ಕೊನೆಯವರೆಗೂ ಸ್ವಲ್ಪ ಸ್ವಲ್ಪ ಇರುತ್ತದೆ. ಹೊರಗಡೆಯೇ ಡಯಲ್ ಇರುವುದರಿಂದ ಮಧ್ಯದಲ್ಲಿ ಗಾಳಿ ಬದಲಾದರೂ ತಕ್ಷಣ ತಿರುಗಿಸಿಕೊಳ್ಳಬಹುದು. ಕಲಿಯಲು ಮ್ಯಾಗ್ನೆಟಿಕ್ ಸುಲಭ ಅನ್ನುವುದು ನನ್ನ ಅಭಿಪ್ರಾಯ. ಎರಡೂ ಸೇರಿರುವ ರೀಲ್‌ಗಳೂ ಇವೆ. ಶಿಮಾನೊದ ಡಿಸಿ ರೀಲ್‌ಗಳ ಹಾಗೆ ಒಳಗೆ ಚಿಕ್ಕ ಕಂಪ್ಯೂಟರ್ ಇಟ್ಟುಕೊಂಡು ಬ್ರೇಕ್ ಹಾಕುವವೂ ಇವೆ, ಅವು ಎಸೆದಾಗ ಸುಂಯ್ ಅಂತ ಸದ್ದು ಮಾಡುತ್ತವೆ. ಆದರೆ ಅವುಗಳಲ್ಲೂ ಲ್ಯೂರ್ ನೀರಿಗೆ ಬೀಳುವಾಗ ಹೆಬ್ಬೆರಳು ಬೇಕು.

ರಾಡ್, ದಾರ, ಲ್ಯೂರ್

ರಾಡ್ ಬೇಟ್‌ಕಾಸ್ಟಿಂಗ್‌ಗೆ ಅಂತಲೇ ಮಾಡಿದ್ದಾಗಿರಬೇಕು. ರೀಲ್ ರಾಡಿನ ಮೇಲ್ಗಡೆ ಕೂರುತ್ತದೆ, ಕೆಳಗೆ ತೋರುಬೆರಳಿಗೆ ಹಿಡಿಯಲು ಗನ್ನಿನ ಟ್ರಿಗರ್ ತರಹದ ಕೊಂಡಿ ಇರುತ್ತದೆ. ಸ್ಪಿನ್ನಿಂಗ್ ರಾಡಿಗೆ ಇದನ್ನು ಕಟ್ಟಿ ಕಷ್ಟಪಡಬೇಡಿ. 2 ಮೀಟರ್ ಆಸುಪಾಸಿನ ಮೀಡಿಯಂ ಅಥವಾ ಮೀಡಿಯಂ ಹೆವಿ ರಾಡ್ ಸಾಕು. ತೀರಾ ಗಡುಸಾದ ರಾಡ್ ಕಲಿಯುವವರಿಗೆ ಆಗದು. ರಾಡ್ ಬಾಗಬೇಕು, ಬಾಗಿದ್ದು ನೆಟ್ಟಗಾಗುವಾಗಲೇ ಲ್ಯೂರ್ ಹೋಗುವುದು.

ದಾರಕ್ಕೆ ಮೊದಲು ಮೊನೊ, ಅಂದರೆ ಒಂದೇ ಎಳೆಯ ದಾರ. 12 ರಿಂದ 14 ಪೌಂಡಿನ ಎಳೆತ ತಡೆಯುವ ನೈಲಾನ್ ಮೊನೊ ಸಿಕ್ಕಾದರೂ ಬಿಡಿಸಬಹುದು, ಹಾಳಾದರೆ ಕತ್ತರಿಸಿ ಎಸೆಯಲೂ ಹೊಟ್ಟೆ ಉರಿಯುವುದಿಲ್ಲ. ಫ್ಲೂರೊಕಾರ್ಬನ್ ಅನ್ನುವ ದಾರ ಸಿಕ್ಕಾಗಿ ಒಮ್ಮೆ ಮಡಚಿಕೊಂಡರೆ ಆ ಜಾಗದಲ್ಲಿ ಬಲ ಕುಂದುತ್ತದೆ, ಮೀನು ಎಳೆದಾಗ ಅಲ್ಲೇ ತುಂಡಾಗುತ್ತದೆ. ಬ್ರೇಡ್ (ಹೆಣೆದ ದಾರ) ಹಾಕಲೇಬೇಕು ಅಂದರೆ 30 ಪೌಂಡಿಗಿಂತ ಕಡಿಮೆಯದು ಬೇಡ. ಸಣ್ಣದು ಎಳೆತಕ್ಕೆ ಕೆಳಗಿನ ಸುತ್ತುಗಳೊಳಗೆ ಕಚ್ಚಿಕೊಂಡು ಕೂತುಬಿಡುತ್ತದೆ, ಮುಂದಿನ ಸಲ ಎಸೆದಾಗ ಅರ್ಧಕ್ಕೇ ನಿಂತು ಲ್ಯೂರ್ ಕಿತ್ತುಕೊಂಡು ಹೋಗುತ್ತದೆ. ಬ್ರೇಡ್‌ನ ಅಡಿಗೆ ಸ್ವಲ್ಪ ಮೊನೊ ಸುತ್ತಿ ಅದಕ್ಕೆ ಕಟ್ಟಿ. ಇಲ್ಲದಿದ್ದರೆ ಬ್ರೇಡ್ ಪೂರ್ತಿ ಗಂಟಾಗಿ ನುಣುಪಾದ ಸ್ಪೂಲಿನ ಮೇಲೆ ಜಾರುತ್ತದೆ, ಡ್ರ್ಯಾಗ್ (ಮೀನು ಜಗ್ಗಿದಾಗ ದಾರ ಬಿಟ್ಟುಕೊಡುವ ಹಿಡಿತ) ಎಷ್ಟು ಬಿಗಿ ಮಾಡಿದರೂ ನಿಲ್ಲುವುದಿಲ್ಲ.

ದಾರ ತುಂಬುವಾಗ ಅದನ್ನು ಮೊದಲು ದಾರವನ್ನು ಸಮನಾಗಿ ಹರಡುವ ಲೆವೆಲ್‌ವೈಂಡ್ ಕಿಂಡಿಯೊಳಗಿಂದ ತೂರಿಸಿ ಆಮೇಲೆ ಸ್ಪೂಲಿಗೆ ಕಟ್ಟಿ. ಇದನ್ನು ಮರೆತು ಪೂರ್ತಿ ಸುತ್ತಿ, ಮತ್ತೆ ಪೂರ್ತಿ ಬಿಚ್ಚುವವರು ಕಮ್ಮಿಯಿಲ್ಲ. ಒದ್ದೆ ಬಟ್ಟೆಯಲ್ಲಿ ದಾರವನ್ನು ಹಿಡಿದು ಬಿಗಿಯಾಗಿ ಸುತ್ತಿ. ಅಂಚಿನವರೆಗೂ ತುಂಬಬೇಡಿ, 3 ಮಿಲಿಮೀಟರಿನಷ್ಟು ಜಾಗ ಬಿಡಿ. ಕಲಿಯುವಾಗ ಅದಕ್ಕಿಂತ ಕಮ್ಮಿ ತುಂಬಿದರೂ ಪರವಾಗಿಲ್ಲ, ಸ್ಪೂಲಿನ ಭಾರ ಕಮ್ಮಿಯಾದಷ್ಟು ಅದನ್ನು ನಿಲ್ಲಿಸುವುದು ಸುಲಭ.

ಲ್ಯೂರ್ 14 ಗ್ರಾಂ ಸುತ್ತಮುತ್ತ ಇರಲಿ. ಹಗುರ ಲ್ಯೂರ್‌ನಲ್ಲಿ ಕಲಿಯೋಣ, ಆಮೇಲೆ ಭಾರದ್ದು ಅಂತ ಅನ್ನಿಸುವುದು ಸಹಜ. ಇಲ್ಲಿ ಅದು ಉಲ್ಟಾ. ಹಗುರ ಲ್ಯೂರ್‌ಗೆ ಸ್ಪೂಲನ್ನು ಎಳೆಯುವ ತಾಕತ್ತಿಲ್ಲ, 7 ಗ್ರಾಂಗಿಂತ ಕೆಳಗಿನದು ಸಾಮಾನ್ಯ ರೀಲಿನಲ್ಲಿ ಪಳಗಿದವರಿಗೂ ಕಿರಿಕಿರಿ. ಕೊಕ್ಕೆ ಇಲ್ಲದ ಪ್ಲಗ್ (ಗಟ್ಟಿ ಲ್ಯೂರ್) ಅಥವಾ ಸೀಸದ ಗುಂಡು ಕಟ್ಟಿ ಬಯಲಲ್ಲಿ ಕಲಿಯಿರಿ. ಹುಲ್ಲಿನ ಮೇಲೆ ಒಳ್ಳೆಯದು, ಕಲ್ಲು ನೆಲದಲ್ಲಿ ದಾರ ಸವೆಯುತ್ತದೆ.

ಹದ ಮಾಡುವುದು

ರೀಲಿನ ಮೇಲೆ ಮೂರು ಹಿಡಿಕೆಗಳಿರುತ್ತವೆ, ಒಂದನ್ನು ಇನ್ನೊಂದು ಅಂದುಕೊಳ್ಳುವುದೇ ಅರ್ಧ ಗೊಂದಲ. ಹ್ಯಾಂಡಲ್ ಬುಡದಲ್ಲಿ ನಕ್ಷತ್ರದ ಆಕಾರದ್ದು ಡ್ರ್ಯಾಗ್. ಅದು ಮೀನು ಎಳೆಯುವಾಗಿನ ಕೆಲಸಕ್ಕೆ, ಎಸೆಯುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅದೇ ಪಕ್ಕದಲ್ಲಿರುವ ಚಿಕ್ಕ ದುಂಡನೆ ನಾಬ್ ಸ್ಪೂಲ್ ಟೆನ್ಶನ್. ಎದುರು ಪಕ್ಕದಲ್ಲಿರುವುದು ಬ್ರೇಕ್. ಸೆಂಟ್ರಿಫ್ಯೂಗಲ್ ಆದರೆ ಕೆಲವು ರೀಲ್‌ಗಳಲ್ಲಿ ಪಕ್ಕದ ಮುಚ್ಚಳ ತೆಗೆದು ಒಳಗಿನ ಪಿನ್ನುಗಳನ್ನು ಒಂದೊಂದಾಗಿ ಆನ್ ಆಫ್ ಮಾಡಬೇಕು. ಆಫ್ ಮಾಡುವಾಗ ಎದುರುಬದುರಿನ ಜೋಡಿಯನ್ನೇ ಮಾಡಿ, ಇಲ್ಲದಿದ್ದರೆ ಸ್ಪೂಲ್ ಅದುರುತ್ತದೆ.

ಮೊದಲು ಬ್ರೇಕ್ ಪೂರ್ತಿ ಹಾಕಿ. ನಂತರ ಟೆನ್ಶನ್ ನಾಬ್. ಲ್ಯೂರ್ ಕಟ್ಟಿ, ರಾಡಿನ ತುದಿ ಎದೆಮಟ್ಟಕ್ಕೆ ಹಿಡಿದು, ಹೆಬ್ಬೆರಳನ್ನು ಸ್ಪೂಲಿನ ಮೇಲೆ ಇಟ್ಟು, ಸ್ಪೂಲನ್ನು ಸಡಿಲ ಬಿಡುವ ಬಿಡುಗಡೆಯ ಪಟ್ಟಿ ಒತ್ತಿ. ಈಗ ಹೆಬ್ಬೆರಳು ತೆಗೆಯಿರಿ. ಲ್ಯೂರ್ ದಡಾರನೆ ಬಿದ್ದರೆ ನಾಬ್ ಸ್ವಲ್ಪ ಬಿಗಿ ಮಾಡಿ. ಅಲ್ಲಾಡದೆ ನೇತಾಡುತ್ತಿದ್ದರೆ ಸಡಿಲ ಮಾಡಿ. ನಿಧಾನಕ್ಕೆ ಇಳಿದು, ನೆಲ ಮುಟ್ಟಿದ ಕೂಡಲೇ ಸ್ಪೂಲ್ ತಾನೂ ನಿಲ್ಲಬೇಕು. ನಿಂತ ಸ್ಪೂಲನ್ನು ಹತ್ತಿರದಿಂದ ನೋಡಿ. ಮೇಲಿನ ಸುತ್ತುಗಳು ಕೂದಲು ಕೆದರಿದ ಹಾಗೆ ಒಂದೆರಡು ಎದ್ದಿದ್ದರೆ ಇನ್ನೂ ಅರ್ಧ ಕ್ಲಿಕ್ ಬಿಗಿ ಬೇಕು. ಸುತ್ತುಗಳು ನೀಟಾಗಿ ಅಂಟಿಕೊಂಡಂತೆ ಮಲಗಿದ್ದರೆ ಸರಿಯಾಗಿದೆ. ಲ್ಯೂರ್ ಬದಲಾಯಿಸಿದಾಗ ತೂಕ ಬದಲಾಗುತ್ತದೆ, ಆಗ ಇದನ್ನು ಮತ್ತೆ ಮಾಡಬೇಕು.

ಕೈ ಪಳಗಿದ ಮೇಲೆ ಇನ್ನೊಂದು ರೀತಿ ಇದೆ, ನನಗೆ ಅದೇ ಇಷ್ಟ. ಸ್ಪೂಲನ್ನು ಹೆಬ್ಬೆರಳಿನಿಂದ ಎಡಕ್ಕೆ ಬಲಕ್ಕೆ ತಳ್ಳಿ ನೋಡಿ. ನಾಬ್ ಸಡಿಲ ಇದ್ದರೆ ಟಕಟಕ ಅಂತ ಆಚೀಚೆ ಹೋಗುತ್ತದೆ. ಆ ಟಕಟಕ ನಿಲ್ಲುವಷ್ಟು ಮಾತ್ರ ನಾಬ್ ಬಿಗಿ ಮಾಡಿ ಅಲ್ಲಿಗೇ ಬಿಟ್ಟುಬಿಡಿ, ಆಮೇಲೆ ಏನೇ ಬದಲಾಯಿಸಬೇಕಿದ್ದರೂ ಬ್ರೇಕ್‌ನಲ್ಲೇ ಬದಲಾಯಿಸಿ. ಟೆನ್ಶನ್ ನಾಬ್ ಸ್ಪೂಲನ್ನು ಶುರುವಿನಿಂದ ಕೊನೆಯವರೆಗೆ ಒಂದೇ ಸಮ ಉಜ್ಜುತ್ತದೆ, ಹಾಗಾಗಿ ಅದನ್ನು ಬಿಗಿ ಮಾಡಿದಷ್ಟು ದೂರ ಕಮ್ಮಿಯಾಗುತ್ತದೆ. ಬ್ರೇಕ್ ಹಾಗಲ್ಲ, ವೇಗ ಇಳಿದ ಹಾಗೆ ಅದರ ಹಿಡಿತವೂ ಇಳಿಯುತ್ತದೆ.

ಡ್ರ್ಯಾಗ್ ಅನ್ನು ದಾರದ ಬಲದ ಕಾಲು ಭಾಗ, ಹೆಚ್ಚೆಂದರೆ ಮೂರರಲ್ಲೊಂದು ಭಾಗಕ್ಕೆ ಇಡಿ. 12 ಪೌಂಡಿನ ದಾರಕ್ಕೆ 3 ರಿಂದ 4 ಪೌಂಡಿನ ಎಳೆತಕ್ಕೆ ದಾರ ಬಿಟ್ಟುಕೊಡಬೇಕು. ಸಾಮಾನು ತೂಗುವ ಕೊಕ್ಕೆ ತಕ್ಕಡಿ ಇದ್ದರೆ ಅದಕ್ಕೆ ಕಟ್ಟಿ ಎಳೆದು ನೋಡಬಹುದು.

ಎಸೆಯುವುದು

ಲ್ಯೂರ್ ರಾಡಿನ ತುದಿಯಿಂದ ಒಂದು ಗೇಣಿನಷ್ಟು ಕೆಳಗೆ ನೇತಾಡಲಿ. ಹೆಬ್ಬೆರಳನ್ನು ಸ್ಪೂಲಿನ ಮಧ್ಯಕ್ಕೆ ನೇರವಾಗಿ ಒತ್ತದೆ ಸ್ವಲ್ಪ ಓರೆಯಾಗಿ, ಬೆರಳಿನ ಅಂಚು ದಾರಕ್ಕೂ ಸ್ಪೂಲಿನ ತುಟಿಗೂ ತಾಗುವ ಹಾಗೆ ಇಡಿ. ಮಣಿಕಟ್ಟು ತಿರುಗಿಸಿ, ಬಲಗೈಯಲ್ಲಿ ಎಸೆಯುವವರು ರೀಲಿನ ಬಲ ಪಕ್ಕ ಆಕಾಶ ನೋಡುವ ಹಾಗೆ ಮಾಡಿಕೊಳ್ಳಿ. ಹೀಗೆ ಮಾಡಿದಾಗ ಮಣಿಕಟ್ಟು ಸಲೀಸಾಗಿ ಆಡುತ್ತದೆ, ಇಲ್ಲದಿದ್ದರೆ ಬರೀ ಮೊಣಕೈಯಿಂದ ತಳ್ಳಬೇಕಾಗುತ್ತದೆ.

ಬಿಡುಗಡೆಯ ಪಟ್ಟಿ ಒತ್ತಿ, ಆದರೆ ಹೆಬ್ಬೆರಳು ಸ್ಪೂಲ್ ಬಿಡಬಾರದು. ರಾಡನ್ನು ಹಿಂದಕ್ಕೆ ತಂದು, ಲ್ಯೂರ್ ಭಾರಕ್ಕೆ ತುದಿ ಬಾಗಿದ್ದು ಕೈಗೆ ಗೊತ್ತಾದಾಗ, ನಿಧಾನಕ್ಕೆ ಶುರು ಮಾಡಿ ವೇಗ ಏರಿಸುತ್ತಾ ಮುಂದಕ್ಕೆ ತನ್ನಿ. ಇಲ್ಲಿ ಹೊಸಬರ ಕೈ ಅವಸರ ಮಾಡುತ್ತದೆ. ಚಾವಟಿ ಬೀಸಿದ ಹಾಗೆ ಜಾಡಿಸಿದರೆ ಸ್ಪೂಲ್ ಒಂದೇ ಏಟಿಗೆ ವೇಗಕ್ಕೆ ಹೋಗಿಬಿಡುತ್ತದೆ, ಲ್ಯೂರ್ ಅದರ ಸಮಕ್ಕೆ ಓಡಲಾರದು, ಶುರುವಿನ ಸಿಕ್ಕು ಅಂದೆನಲ್ಲ, ಅದು ಹುಟ್ಟುವುದು ಇಲ್ಲೇ. ಬಲ ಹಾಕಬೇಡಿ, ರಾಡಿಗೆ ಕೆಲಸ ಬಿಡಿ. ಮೊದಮೊದಲು ಹತ್ತು ಹದಿನೈದು ಮೀಟರ್ ಹೋದರೆ ಸಾಕೇ ಸಾಕು.

ರಾಡ್ ಕಣ್ಣಿನ ಮುಂದೆ, ನೆಟ್ಟಗೆ ನಿಂತ ಸ್ಥಿತಿಗಿಂತ ಸ್ವಲ್ಪ ಮುಂದೆ ಬಂದಾಗ ಹೆಬ್ಬೆರಳನ್ನು ಸಡಿಲಿಸಿ. ಬೇಗ ಬಿಟ್ಟರೆ ಲ್ಯೂರ್ ಆಕಾಶಕ್ಕೆ ಹೋಗುತ್ತದೆ, ತಡವಾದರೆ ಕಾಲಬುಡದಲ್ಲಿ ಬೀಳುತ್ತದೆ. ಹೆಬ್ಬೆರಳು ‘ಸಡಿಲಿಸಿ’ ಅಂದೆ, ‘ಎತ್ತಿ’ ಅನ್ನಲಿಲ್ಲ. ಅದು ದಾರದ ಮೇಲೆ ಇದ್ದೂ ಇಲ್ಲದ ಹಾಗೆ ತೇಲುತ್ತಿರಬೇಕು. ಸ್ಪೂಲ್ ವೇಗವಾದರೆ ಸಡಿಲಾದ ಸುತ್ತುಗಳು ಮೇಲೆದ್ದು ಬೆರಳಿನ ಚರ್ಮಕ್ಕೆ ಪುರಪುರ ತಾಗುತ್ತವೆ. ಅದು ತಾಗಿದ ಕೂಡಲೇ ತುಸು ಒತ್ತಿ, ತಾಗುವುದು ನಿಂತರೆ ಬಿಡಿ. ಕಣ್ಣಿಗಿಂತ ಬೆರಳಿಗೆ ಇದು ಮೊದಲು ತಿಳಿಯುತ್ತದೆ. ಹಾಗಾಗಿ ಕಣ್ಣು ಲ್ಯೂರ್ ಮೇಲಿರಲಿ, ರೀಲ್ ನೋಡುತ್ತಾ ಎಸೆಯಬೇಡಿ.

ಲ್ಯೂರ್ ನೀರಿಗೆ ಬೀಳುವ ಸ್ವಲ್ಪ ಮೊದಲೇ ಹೆಬ್ಬೆರಳು ಒತ್ತಿ ಸ್ಪೂಲ್ ನಿಲ್ಲಿಸಿ. ಬಿದ್ದ ಮೇಲೆ ಒತ್ತಿದರೆ ತಡವಾಯಿತು. ಮೊದಲೇ ಒತ್ತುವುದರಿಂದ ಲ್ಯೂರ್ ದಪ್ಪನೆ ಬೀಳದೆ ಮೆಲ್ಲಗೆ ಇಳಿಯುತ್ತದೆ, ಮೀನು ಬೆದರುವುದಿಲ್ಲ. ಇದೊಂದು ಲಾಭ ಬೇರೆ. ನಂತರ ಹ್ಯಾಂಡಲ್ ತಿರುಗಿಸಿದರೆ ಗೇರ್ ಟಪ್ಪನೆ ಕೂರುತ್ತದೆ.

ಸತತವಾಗಿ ಸಿಕ್ಕಿಲ್ಲದೆ ಹೋಗುತ್ತಿದೆ ಅನ್ನಿಸಿದರೆ ಬ್ರೇಕ್ ಒಂದು ಹಂತ ಇಳಿಸಿ. ಮತ್ತೆ ಕೆಲವು ಸಲ ಎಸೆದು ನೋಡಿ, ಮತ್ತೆ ಇಳಿಸಿ. ಶುರುವಿನಲ್ಲಿ ಸಿಕ್ಕಾದರೆ ಒಂದು ಹಂತ ವಾಪಸ್. ಗಾಳಿಗೆ ಎದುರಾಗಿ ಎಸೆಯುವಾಗ ಮುಲಾಜಿಲ್ಲದೆ ಎರಡು ಮೂರು ಹಂತ ಏರಿಸಿ, ಮೇಲಕ್ಕೆ ಎಸೆಯದೆ ಪಕ್ಕದಿಂದ ತಗ್ಗಾಗಿ ಎಸೆಯಿರಿ. ಬ್ರೇಕ್ ಪೂರ್ತಿ ತೆಗೆದು ಎಸೆಯುವುದೇ ಗಂಡಸುತನ ಅಂತ ಕೆಲವರು ಮಾತಾಡುತ್ತಾರೆ, ಸುಮ್ನೆ ಕೇಳಿಸಿಕೊಂಡು ನಿಮ್ಮ ಕೆಲಸ ನೋಡಿ.

ಸಿಕ್ಕಾದಾಗ

ಸಿಕ್ಕಾಗೇ ಆಗುತ್ತದೆ. ಕಂಡ ದಾರ ಹಿಡಿದು ಜಗ್ಗಬೇಡಿ, ಇದ್ದ ಸಡಿಲ ಕುಣಿಕೆ ಗಂಟಾಗುವುದು ಹಾಗೆ. ಹೆಬ್ಬೆರಳನ್ನು ಸ್ಪೂಲಿನ ಮೇಲೆ ಜೋರಾಗಿ ಒತ್ತಿ ಹಿಡಿದು, ಹಾಗೇ ಹ್ಯಾಂಡಲ್ ಎರಡು ಮೂರು ಸುತ್ತು ತಿರುಗಿಸಿ. ಡ್ರ್ಯಾಗ್ ತೀರಾ ಸಡಿಲ ಇದ್ದರೆ ಸ್ಪೂಲ್ ತಿರುಗುವುದಿಲ್ಲ, ಸ್ವಲ್ಪ ಬಿಗಿ ಮಾಡಿಕೊಳ್ಳಿ. ಆಮೇಲೆ ಸ್ಪೂಲ್ ಬಿಡುಗಡೆ ಮಾಡಿ ದಾರವನ್ನು ಮೆಲ್ಲಗೆ ಎಳೆಯಿರಿ. ಒತ್ತಿದ್ದರಿಂದ ಕುಣಿಕೆಗಳು ಚಪ್ಪಟೆಯಾಗಿ ಒಂದರ ಕೆಳಗಿಂದ ಒಂದು ಜಾರಿ ಬರುತ್ತವೆ. ನಿಂತರೆ ಮತ್ತೆ ಒತ್ತಿ, ತಿರುಗಿಸಿ, ಎಳೆಯಿರಿ. ಎಷ್ಟೋ ಭಯಂಕರ ಸಿಕ್ಕು ಹೀಗೇ ಬಿಡುತ್ತದೆ. ಬಿಡದಿದ್ದರೆ ದಾರಕ್ಕೆ ಅಡ್ಡ ಹಾಕಿ ನಿಂತ ಕುಣಿಕೆ ಯಾವುದು ಅಂತ ನೋಡಿ, ಬೆರಳಿನಿಂದ ಅದನ್ನೊಂದೇ ಎತ್ತಿ ಬಿಡಿಸಿ. ಕತ್ತರಿ ಕೊನೆಯ ದಾರಿ.

ಪೂರ್ತಿ ದಾರ ಹಾಳಾಗದ ಹಾಗೆ ಒಂದು ಉಪಾಯ ಇದೆ. ನಿಮ್ಮ ಕೈಲಾದಷ್ಟು ದೂರ ಎಸೆದು, ಇನ್ನೂ ಐದಾರು ಮೀಟರ್ ದಾರ ಎಳೆದು, ಸ್ಪೂಲಿನ ಮೇಲೆ ಅಡ್ಡಲಾಗಿ ಒಂದು ತುಂಡು ಟೇಪ್ ಅಂಟಿಸಿ. ಅದರ ಮೇಲೆ ದಾರ ಸುತ್ತಿಕೊಳ್ಳಿ. ಸಿಕ್ಕು ಟೇಪಿನ ಕೆಳಗೆ ಇಳಿಯುವುದಿಲ್ಲ. ದೊಡ್ಡ ಮೀನಿಗೆ ಹೋಗುವಾಗ ಮಾತ್ರ ಟೇಪ್ ತೆಗೆಯಲು ಮರೆಯಬೇಡಿ, ಮೀನು ದೂರ ಓಡಿದರೆ ದಾರ ಅಲ್ಲೇ ಕಚ್ಚಿಕೊಳ್ಳುತ್ತದೆ.

ನೋಡಿಕೊಳ್ಳುವುದು ಕಷ್ಟವಿಲ್ಲ. ಉಪ್ಪುನೀರಿನಲ್ಲಿ ಬಳಸಿದ್ದರೆ ಡ್ರ್ಯಾಗ್ ಬಿಗಿ ಮಾಡಿ, ಸಿಹಿನೀರನ್ನು ಮೇಲಿಂದ ಮೆಲ್ಲಗೆ ಬಿಟ್ಟು ತೊಳೆಯಿರಿ. ರಭಸದ ನೀರು ಹೊಡೆದರೆ ಉಪ್ಪು ಒಳಗೇ ಹೋಗುತ್ತದೆ. ಸ್ಪೂಲಿನ ಎರಡೂ ಕಡೆಯ ಬೇರಿಂಗ್‌ಗೆ ತೆಳು ಎಣ್ಣೆ ಒಂದೊಂದು ಹನಿ ಸಾಕು, ಗ್ರೀಸ್ ಬೇಡ, ಗ್ರೀಸ್ ಗೇರಿಗೆ. ಸೆಂಟ್ರಿಫ್ಯೂಗಲ್ ಬ್ರೇಕ್‌ನ ಬಳೆಗೆ ಎಣ್ಣೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ, ಒರೆಸಿ. ನಿನ್ನೆ ಚೆನ್ನಾಗಿದ್ದ ರೀಲ್ ಇವತ್ತು ಕಾರಣವಿಲ್ಲದೆ ಸಿಕ್ಕಾಗುತ್ತಿದ್ದರೆ ಮೊದಲು ಅಲ್ಲೇ ನೋಡಬೇಕು. ಎತ್ತಿಡುವಾಗ ಡ್ರ್ಯಾಗ್ ಸಡಿಲ ಮಾಡಿ ಇಡಿ, ಬಿಗಿಯಾಗೇ ಬಿಟ್ಟರೆ ಒಳಗಿನ ವಾಷರ್‌ಗಳು ಅಂಟಿಕೊಂಡು ಮುಂದಿನ ಸಲ ಡ್ರ್ಯಾಗ್ ತಡೆತಡೆದು ಎಳೆಯುತ್ತದೆ.